ನೆಲದ ಮೇಲಿನ ವಿಮಾನವೂ ವೈಮಾನಿಕರ ತಪ್ಪುಗಳೂ

ವಿಮಾನವೆಂದೊಡನೆ ನಮ್ಮ ಮನಸ್ಸು ಆಕಾಶಕ್ಕೆ ಏರುತ್ತದೆ. ಅಪಾಯವೆಂಬುದೇನಾದರೂ ಇದ್ದರೆ ಅದು ಮೋಡಗಳ ನಡುವೆಯೇ ಇರಬೇಕೆಂದು ನಾವು ಎಣಿಸುತ್ತೇವೆ. ನಮ್ಮ ಶಾಲೆಯ ಅನೇಕ ಮಕ್ಕಳ ತಂದೆಯವರೂ ಅಣ್ಣಂದಿರೂ ಗಲ್ಫ್ ದೇಶಗಳಲ್ಲಿ ದುಡಿಯುತ್ತಿರುವವರು. ಅವರನ್ನು ಬೀಳ್ಕೊಡಲು ಮಂಗಳೂರಿಗೋ ಕಣ್ಣೂರಿಗೋ ಹೋದ ಮನೆಮಂದಿ ವಿಮಾನವು ನೆಲ ಬಿಡುವಾಗ ಮನಸ್ಸಿನಲ್ಲಿಯೇ ಕೈಮುಗಿಯುತ್ತಾರೆ. ಅತ್ತ ಅದು ನೆಲ ಮುಟ್ಟಿತೆಂಬ ಸುದ್ದಿ ಬಂದರೆ ನೆಮ್ಮದಿಯ ಉಸಿರು ಬಿಡುತ್ತಾರೆ. 2010ರ ಮೇ 22ರಂದು ಬಜಪೆಯಲ್ಲಿ 158 ಜನರನ್ನು ಬಲಿತೆಗೆದುಕೊಂಡ ದುರಂತವನ್ನು ಕಂಡ ಜಿಲ್ಲೆ ನಮ್ಮದು. ಆ ಭಯ ಸಹಜವೇ ಸರಿ. ಅದು ವಿಮಾನವು ಇಳಿಯುವಾಗ ಒದಗಿದ ಅಪಘಾತ; ಅದರ ವಿಚಾರವನ್ನು ಇಲ್ಲಿ ಎತ್ತಿಕೊಂಡಿಲ್ಲ. ನಾವಿಲ್ಲಿ ಹೇಳಹೊರಟಿರುವುದು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಘಟ್ಟವನ್ನು ಕುರಿತು: ವಿಮಾನವು ತಾನು ನಿಂತ ಜಾಗದಿಂದ ಹಾರುವ ಜಾಗದವರೆಗೆ, ಇಳಿದ ಜಾಗದಿಂದ ನಿಲ್ಲುವ ಜಾಗದವರೆಗೆ, ನೆಲದ ಮೇಲೆ ನಡೆದುಹೋಗುವ ಆ ಹತ್ತು ಹದಿನೈದು ನಿಮಿಷಗಳು. ಇದಕ್ಕೆ ಟ್ಯಾಕ್ಸಿ ಮಾಡುವುದೆಂದು ಹೆಸರು. ವಿಮಾನಯಾನದ ಚರಿತ್ರೆಯಲ್ಲಿ ಅತಿ ಹೆಚ್ಚು ಜನರು ಮಡಿದ ಅಪಘಾತವು ಆಕಾಶದಲ್ಲಿ ನಡೆದುದಲ್ಲ. ನೆಲದ ಮೇಲೆ, ಹೀಗೆ ನಡೆದುಹೋಗುತ್ತಿದ್ದ ವಿಮಾನವೊಂದಕ್ಕೆ ಹಾರಲು ಓಡಿಬಂದ ಇನ್ನೊಂದು ತಗುಲಿದುದರಿಂದ ಆದುದು ಎಂಬ ಸಂಗತಿಯನ್ನು ಬಲ್ಲವರು ವಿರಳ.

ದೂರದ ಮಾತಿಗೆ ಹೋಗುವ ಮೊದಲು ಹತ್ತಿರದ್ದೊಂದನ್ನು ನೋಡಬಹುದು. 2017ರ ಸೆಪ್ಟೆಂಬರ್ 5ರ ಬೆಳಗಿನ ಜಾವ ಅಬುಧಾಬಿಯಿಂದ 102 ಪ್ರಯಾಣಿಕರನ್ನು ಹೊತ್ತ ಬೋಯಿಂಗ್ 737 ವಿಮಾನವೊಂದು ಜಡಿಮಳೆಯಲ್ಲಿ ಕೊಚ್ಚಿಗೆ ಬಂದು ಕ್ಷೇಮವಾಗಿ ಇಳಿಯಿತು. ಕಷ್ಟದ ಕೆಲಸ ಮುಗಿದಿತ್ತು. ನಿಲ್ಲುವ ಜಾಗದ ಕಡೆಗೆ ಹೋಗುವಾಗ ವೈಮಾನಿಕರು ತಿರುಗಬೇಕಾದ ದಾರಿ ಬರುವ ಮೊದಲೇ ವಿಮಾನವನ್ನು ತಿರುಗಿಸಿದರು. ಅಲ್ಲಿದ್ದುದು ದಾರಿಯಲ್ಲ, ಮಳೆನೀರು ಹರಿಯುವ ತೆರೆದ ಚರಂಡಿ. ವಿಮಾನ ಅದರೊಳಕ್ಕೆ ಇಳಿದು ಮುಂಗಾಲಿ ಮುರಿಯಿತು. ಪ್ರಾಣಹಾನಿ ಆಗಲಿಲ್ಲವೆಂಬುದೇ ಸಮಾಧಾನ. ಸಾವಿರಾರು ಕಿಲೋಮೀಟರ್ ದೂರವನ್ನು ಕತ್ತಲೆಯಲ್ಲಿ ತಪ್ಪದೆ ಹಾದುಬಂದವರಿಗೆ ಕೊನೆಯ ಕೆಲವು ನೂರು ಮೀಟರುಗಳಲ್ಲಿ ದಾರಿ ತಪ್ಪಿತೆಂದರೆ, ಈ ನಡಿಗೆ ನಾವು ತಿಳಿದಷ್ಟು ಸುಲಭವಲ್ಲವೆಂದಾಯಿತು.

ಏಕೆ ಸುಲಭವಲ್ಲ? ವಿಮಾನವು ಹಾರಲು ಹುಟ್ಟಿದ ಯಂತ್ರ, ನಡೆಯಲು ಹುಟ್ಟಿದುದಲ್ಲ. ಅದರ ಗಾಲಿಗಳನ್ನು ತಿರುಗಿಸುವ ಬಲವು ಮೋಟಾರು ಬಂಡಿಯಲ್ಲಿರುವಂತೆ ಗಾಲಿಗಳಿಗೆ ಬರುವುದಿಲ್ಲ. ಎಂಜಿನ್ನುಗಳು ಹಿಂದಕ್ಕೆ ಗಾಳಿಯನ್ನು ನೂಕುವುದರಿಂದಲೇ ಅದು ನೆಲದ ಮೇಲೆಯೂ ಮುಂದೆ ಸರಿಯಬೇಕು. ದೊಡ್ಡ ವಿಮಾನಗಳಲ್ಲಿ ವೈಮಾನಿಕನು ಬಹು ಎತ್ತರದಲ್ಲಿ ಕುಳಿತಿರುವುದರಿಂದ ವೇಗವು ಇದ್ದುದಕ್ಕಿಂತ ಕಡಿಮೆಯೆಂದೇ ಕಣ್ಣಿಗೆ ತೋರುತ್ತದೆ. ಮುಂಗಾಲಿಯು ಅವನ ಆಸನಕ್ಕಿಂತ ಹಿಂದೆ ಇರುತ್ತದೆ. ನಮ್ಮ ಘಟ್ಟದ ದಾರಿಯ ಬಸ್ಸುಗಳನ್ನು ಗಮನಿಸಿದವರಿಗೆ ಇದು ತಿಳಿಯುವುದು ಕಷ್ಟವಲ್ಲ: ಕಡಿದಾದ ತಿರುವಿನಲ್ಲಿ ಬಸ್ಸಿನ ಮೂತಿ ರಸ್ತೆಯ ಅಂಚನ್ನು ದಾಟಿ ಹೊರಗೆ ಚಾಚಿದ ಮೇಲಷ್ಟೇ ಚಾಲಕನು ಚಕ್ರವನ್ನು ತಿರುಗಿಸುತ್ತಾನೆ. ವೈಮಾನಿಕನೂ ಹಾಗೆಯೇ, ಹಳದಿ ಗೆರೆಯನ್ನು ತಾನು ದಾಟಿಹೋದ ಮೇಲೆ ತಿರುಗಿಸಬೇಕು. ಇನ್ನು ರೆಕ್ಕೆಗಳ ವಿಷಯ. ಏರ್‌ಬಸ್ ಎ380 ವಿಮಾನದ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 79.8 ಮೀಟರ್. 2011ರ ಏಪ್ರಿಲ್ 11ರಂದು ನ್ಯೂಯಾರ್ಕಿನಲ್ಲಿ ಅಂಥದೊಂದು ವಿಮಾನದ ರೆಕ್ಕೆಯ ತುದಿ ಪಕ್ಕದಲ್ಲಿ ನಿಂತಿದ್ದ ಚಿಕ್ಕ ವಿಮಾನದ ಬಾಲಕ್ಕೆ ತಗುಲಿ, ಆ ಪಾಪದ ಪ್ರಾಣಿ ಬುಗುರಿಯಂತೆ ಗಿರ್ರನೆ ತಿರುಗಿಹೋಯಿತು. ಯಾರಿಗೂ ಗಾಯವಾಗಲಿಲ್ಲ.

ಆದರೆ ಕೈತಪ್ಪಿನಿಂದ ಆಗುವ ಇಂಥ ಅಪಘಾತಗಳು ಹೆಚ್ಚಾಗಿ ಕಬ್ಬಿಣ ಅಲ್ಯೂಮಿನಿಯಮಿನ ನಷ್ಟದಲ್ಲಿ ಮುಗಿಯುತ್ತವೆ. ಪ್ರಾಣ ತೆಗೆಯುವ ತಪ್ಪು ಬೇರೆ ಜಾತಿಯದು. ಅದು ತಾನು ಎಲ್ಲಿದ್ದೇನೆಂಬುದನ್ನು ತಪ್ಪಾಗಿ ತಿಳಿಯುವುದು, ಅಥವಾ ತನಗೆ ಏನು ಹೇಳಲಾಯಿತೆಂಬುದನ್ನು ತಪ್ಪಾಗಿ ಕೇಳುವುದು.

ದಾರಿ ತಪ್ಪದಿರಲೆಂದು ವಿಮಾನ ನಿಲ್ದಾಣದಲ್ಲಿ ಮಾಡಿರುವ ಏರ್ಪಾಡು ಸಾಮಾನ್ಯವಾದುದಲ್ಲ. ವಿಮಾನಗಳು ಏರುವ ಮತ್ತು ಇಳಿಯುವ ಹೆದ್ದಾರಿಗೆ ರನ್‌ವೇ ಎಂದೂ, ಅದಕ್ಕೆ ಹೋಗಿಬರುವ ಕವಲು ದಾರಿಗಳಿಗೆ ಟ್ಯಾಕ್ಸಿವೇ ಎಂದೂ ಹೆಸರು. ರನ್‌ವೇಯ ಗೆರೆಗಳು ಬಿಳಿ, ಟ್ಯಾಕ್ಸಿವೇಯವು ಹಳದಿ. ರಾತ್ರಿಯಲ್ಲಿ ರನ್‌ವೇಯ ಅಂಚಿಗೆ ಬಿಳಿಯ ದೀಪ, ಟ್ಯಾಕ್ಸಿವೇಯ ಅಂಚಿಗೆ ನೀಲಿ, ಅದರ ನಡುಗೆರೆಗೆ ಹಸಿರು. ಟ್ಯಾಕ್ಸಿವೇ ರನ್‌ವೇಯನ್ನು ಸೇರುವ ಮುನ್ನ ಅಡ್ಡಲಾಗಿ ನಾಲ್ಕು ಹಳದಿ ಗೆರೆಗಳು, ಎರಡು ಅಖಂಡ, ಎರಡು ತುಂಡುತುಂಡು. ಅಖಂಡ ಗೆರೆ ಎದುರಾದರೆ ಅಪ್ಪಣೆಯಿಲ್ಲದೆ ದಾಟಕೂಡದು. ಅಲ್ಲಿಯೇ ಪಕ್ಕದಲ್ಲಿ ಕೆಂಪು ಫಲಕದ ಮೇಲೆ ಬಿಳಿಯ ಅಂಕಿಗಳು ರನ್‌ವೇಯ ಹೆಸರನ್ನು ಸಾರುತ್ತವೆ.

ಆ ಅಂಕಿಗಳಲ್ಲಿ ನಮ್ಮ ಮಕ್ಕಳಿಗೊಂದು ಸೊಗಸಾದ ಲೆಕ್ಕವಿದೆ. ದಿಕ್ಸೂಚಿಯ ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸಿದಾಗ ರನ್‌ವೇ ಯಾವ ಡಿಗ್ರಿಗೆ ಮುಖಮಾಡಿದೆಯೋ ಅದನ್ನು ಹತ್ತರ ಸಮೀಪಕ್ಕೆ ತಂದು, ಕೊನೆಯ ಸೊನ್ನೆಯನ್ನು ಬಿಟ್ಟರೆ ಅದೇ ರನ್‌ವೇಯ ಹೆಸರು. ಮಂಗಳೂರಿನ ರನ್‌ವೇಗೆ ಒಂದು ತುದಿಯಲ್ಲಿ 24, ಇನ್ನೊಂದು ತುದಿಯಲ್ಲಿ 06. ಒಂದು ಕಡೆಯಿಂದ ಓಡಿದರೆ ಸುಮಾರು 240 ಡಿಗ್ರಿ, ಎದುರು ಕಡೆಯಿಂದ ಸುಮಾರು 60. ಇವೆರಡರ ಅಂತರ 180 ಡಿಗ್ರಿ, ಎಂದರೆ ಅರ್ಧವೃತ್ತ. ಆದುದರಿಂದ ಜಗತ್ತಿನ ಯಾವ ರನ್‌ವೇಯ ಎರಡು ತುದಿಗಳ ಅಂಕಿಗಳನ್ನು ಕಳೆದರೂ ಉಳಿಯುವುದು 18 ಮಾತ್ರ.

ಈ ಚಿಕ್ಕ ಲೆಕ್ಕವನ್ನು ಮರೆತುದರ ಬೆಲೆಯನ್ನು ಕೇಳಿ. 2006ರ ಆಗಸ್ಟ್ 27ರ ನಸುಕಿನಲ್ಲಿ ಅಮೆರಿಕದ ಲೆಕ್ಸಿಂಗ್ಟನ್ ಎಂಬ ಊರಿನಿಂದ 50 ಜನರಿದ್ದ ವಿಮಾನವೊಂದಕ್ಕೆ 22ನೆಯ ರನ್‌ವೇಯಿಂದ ಹೊರಡಲು ಅಪ್ಪಣೆಯಾಯಿತು. ಅದರ ಉದ್ದ 2,100 ಮೀಟರಿಗೂ ಸ್ವಲ್ಪ ಹೆಚ್ಚು. ಅದಕ್ಕೆ ಹೋಗುವ ದಾರಿಯಲ್ಲಿ ಮೊದಲು ಸಿಗುತ್ತಿದ್ದುದು 26ನೆಯದು, ಚಿಕ್ಕ ವಿಮಾನಗಳಿಗಾಗಿ ಇದ್ದ, ಅರ್ಧದಷ್ಟೇ ಉದ್ದದ ರನ್‌ವೇ. ವೈಮಾನಿಕರಿಬ್ಬರೂ ನಡೆಯುವಾಗ ಕೆಲಸಕ್ಕೆ ಸಂಬಂಧವಿಲ್ಲದ ಮಾತಿನಲ್ಲಿ ತೊಡಗಿದ್ದರು. ಅಂಥ ಹೊತ್ತಿನಲ್ಲಿ ಹರಟೆ ಕೂಡದೆಂಬ ನಿಯಮ ಅಲ್ಲಿ ಸ್ಪಷ್ಟವಾಗಿಯೇ ಇದೆ. ಅವರು 26ಕ್ಕೆ ತಿರುಗಿಕೊಂಡರು. ಎದುರಿನ ದಿಕ್ಸೂಚಿ 220ರ ಬದಲು 260ರ ಸಮೀಪವನ್ನು ತೋರಿಸುತ್ತಿತ್ತು, ಯಾರೂ ನೋಡಲಿಲ್ಲ. ಆ ರನ್‌ವೇಯಲ್ಲಿ ದೀಪಗಳೂ ಉರಿಯುತ್ತಿರಲಿಲ್ಲ. ದೀಪವಿಲ್ಲದಿರುವುದು ವಿಚಿತ್ರವೆಂದು ಓಡುತ್ತಿರುವಾಗ ಉಪವೈಮಾನಿಕನ ಬಾಯಿಂದ ಮಾತೂ ಬಂದಿತು, ಆದರೆ ಕೈ ನಿಲ್ಲಲಿಲ್ಲ. ದಾರಿ ಮುಗಿದುಹೋಯಿತು. 49 ಜನ ಮಡಿದರು. ಬದುಕಿದವನು ಆ ಉಪವೈಮಾನಿಕನೊಬ್ಬನೇ. ಗೋಪುರದಲ್ಲಿದ್ದ ಒಬ್ಬನೇ ನಿಯಂತ್ರಕನು ಅಪ್ಪಣೆ ಕೊಟ್ಟ ಮೇಲೆ ಬೇರೆ ಕೆಲಸಕ್ಕೆ ಮುಖ ತಿರುಗಿಸಿದ್ದನು.

ದಿಕ್ಸೂಚಿ ನೋಡಿದರೆ ಸಾಕಾಗಿತ್ತೆಂದು ಅವಸರದಿಂದ ತೀರ್ಮಾನಿಸಲಾಗದು. 2000ದ ಅಕ್ಟೋಬರ್ 31ರಂದು ತೈವಾನಿನ ತೈಪೆಯಲ್ಲಿ, ಚಂಡಮಾರುತದ ಮಳೆಗಾಳಿಯ ರಾತ್ರಿಯಲ್ಲಿ, ಸಿಂಗಪುರದ ವಿಮಾನವೊಂದು ಹೊರಡಬೇಕಾಗಿದ್ದುದು 05ರ ಎಡಗಡೆಯ ರನ್‌ವೇಯಿಂದ. ಅದಕ್ಕೆ ಸಮಾಂತರವಾಗಿ ಅದೇ ದಿಕ್ಕಿಗೆ ಮುಖಮಾಡಿದ 05ರ ಬಲಗಡೆಯದು ದುರಸ್ತಿಗಾಗಿ ಮುಚ್ಚಿತ್ತು. ಎರಡಕ್ಕೂ ದಿಕ್ಸೂಚಿ ತೋರಿಸುವ ಡಿಗ್ರಿ ಒಂದೇ. ವೈಮಾನಿಕರು ಮೊದಲು ಕಂಡುದಕ್ಕೆ ತಿರುಗಿದರು. ಕತ್ತಲೆಯಲ್ಲಿ ಎದುರಾದುವು ಕಾಂಕ್ರೀಟಿನ ತಡೆಗಳು ಮತ್ತು ಮಣ್ಣು ಅಗೆಯುವ ಯಂತ್ರಗಳು. 179 ಜನರಲ್ಲಿ 83 ಮಂದಿ ಸತ್ತರು.

ಇನ್ನು ಮಾತಿನ ವಿಷಯ. ಇದರಲ್ಲಿ ನಮಗೆ, ಗಡಿಯಲ್ಲಿದ್ದು ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯನ್ನಾಡುವವರಿಗೆ, ವಿಶೇಷ ಆಸಕ್ತಿ ಇರುವುದು ಸಹಜ.

ನೆಲದ ಮೇಲಿನ ವಿಮಾನವು ಹೆಜ್ಜೆಹೆಜ್ಜೆಗೂ ಗೋಪುರದ ಅಪ್ಪಣೆಯನ್ನು ರೇಡಿಯೋದಲ್ಲಿ ಪಡೆಯಬೇಕು. ಟ್ಯಾಕ್ಸಿವೇಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ಬಿ, ಡಿ, ಪಿ, ಟಿ ಎಂಬಿವು ರೇಡಿಯೋದ ಗದ್ದಲದಲ್ಲಿ ಒಂದೇ ಆಗಿ ಕೇಳಿಸುವುದರಿಂದ ಬ್ರಾವೊ, ಡೆಲ್ಟಾ, ಪಾಪಾ, ಟ್ಯಾಂಗೋ ಎಂದು ಪೂರ್ಣ ಪದಗಳಲ್ಲಿಯೇ ಹೇಳಬೇಕೆಂಬ ಪದ್ಧತಿ 1956ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೇಳಿದವನು ಅಪ್ಪಣೆಯನ್ನು ತಿರುಗಿ ಹೇಳಬೇಕು. ಹೇಳಿದವನು ಅದನ್ನು ಆಲಿಸಿ ತಪ್ಪಿದ್ದರೆ ತಿದ್ದಬೇಕು. ಹೇಳಿಕೊಟ್ಟುದನ್ನು ತಿರುಗಿ ಒಪ್ಪಿಸುವ ನಮ್ಮ ಹಳೆಯ ಪಾಠಕ್ರಮವನ್ನು ಹೊಸ ಶಿಕ್ಷಣತಜ್ಞರು ಹಳಿಯುತ್ತಾರೆ. ಅದಕ್ಕೂ ಒಂದು ಸ್ಥಾನವುಂಟೆಂದು ಈ ಉದಾಹರಣೆಯಿಂದ ನಾವು ಸ್ವಲ್ಪ ಹಿಗ್ಗಿದ್ದೇವೆ. ಆದರೆ ಆ ಹಿಗ್ಗು ಎಷ್ಟರವರೆಗೆ ಸಲ್ಲುತ್ತದೆಂಬುದನ್ನು ಮುಂದೆ ಕಾಣಬಹುದು.

1977ರ ಮಾರ್ಚ್ 27. ಆಫ್ರಿಕದ ಪಶ್ಚಿಮಕ್ಕಿರುವ ಸ್ಪೇನ್ ದೇಶದ ಕ್ಯಾನರಿ ದ್ವೀಪಗಳಲ್ಲಿ ಒಂದರ ವಿಮಾನ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅಲ್ಲಿಗೆ ಬರುತ್ತಿದ್ದ ವಿಮಾನಗಳನ್ನೆಲ್ಲ ಟೆನೆರಿಫೆ ಎಂಬ ಪಕ್ಕದ ದ್ವೀಪದ ಚಿಕ್ಕ ನಿಲ್ದಾಣಕ್ಕೆ ತಿರುಗಿಸಿದರು. ಅಲ್ಲಿ ಜಾಗ ಸಾಲದೆ ಟ್ಯಾಕ್ಸಿವೇಯ ಮೇಲೆಯೇ ವಿಮಾನಗಳು ನಿಂತವು. ಆದುದರಿಂದ ಹೊರಡುವ ವಿಮಾನಗಳು ರನ್‌ವೇಯ ಮೇಲೆಯೇ ಹಿಂದಕ್ಕೆ ನಡೆದುಹೋಗಿ ತುದಿಯಲ್ಲಿ ತಿರುಗಿಕೊಂಡು ಓಡಬೇಕಾಯಿತು. ನಿಲ್ದಾಣ ಎತ್ತರದಲ್ಲಿದ್ದುದರಿಂದ ಮೋಡವೇ ಮಂಜಾಗಿ ಇಳಿದು ಬಂದಿತು. ಮೊದಲು ಹಾಲೆಂಡಿನ ಕೆ.ಎಲ್.ಎಂ. ಕಂಪನಿಯ ಬೋಯಿಂಗ್ 747 ತುದಿಗೆ ಹೋಗಿ ತಿರುಗಿ ನಿಂತಿತು. ಅದರ ಹಿಂದೆಯೇ ಅಮೆರಿಕದ ಪ್ಯಾನ್ ಆಮ್ ಕಂಪನಿಯ ಇನ್ನೊಂದು 747 ಅದೇ ರನ್‌ವೇಯ ಮೇಲೆ ನಡೆದು ಬರುತ್ತಿದ್ದಿತು. ಮೂರನೆಯ ತಿರುವಿನಲ್ಲಿ ಅದು ದಾರಿ ಬಿಟ್ಟುಕೊಡಬೇಕೆಂದು ಅಪ್ಪಣೆ. ಆ ಮೂರನೆಯ ತಿರುವು ಬಂದ ದಾರಿಗೇ ಹಿಂದಕ್ಕೆ ಮಡಿಚಿದಂತೆ 148 ಡಿಗ್ರಿಯಷ್ಟು ಕಡಿದಾಗಿತ್ತು. ಅಂಥ ದೈತ್ಯ ವಿಮಾನಕ್ಕೆ ಅದು ಹೇಳಿದ ದಾರಿಯಾಗಿರಲಾರದೆಂದು ತೋರುವುದು ಸಹಜ. ಪ್ಯಾನ್ ಆಮ್ ವಿಮಾನವು ಅದನ್ನು ದಾಟಿ ನಾಲ್ಕನೆಯದರ ಕಡೆಗೆ ಸಾಗಿತು. ಗೋಪುರಕ್ಕೆ ಎರಡೂ ಕಾಣವು, ಅವೆರಡಕ್ಕೆ ಪರಸ್ಪರ ಕಾಣವು, ನೆಲದ ಮೇಲಿನ ಚಲನೆಯನ್ನು ತೋರಿಸುವ ರೇಡಾರ್ ಅಲ್ಲಿರಲಿಲ್ಲ. ಮೂವರನ್ನೂ ಕೂಡಿಸಿದುದು ಮಾತೊಂದೇ.

ಆಗ ಗೋಪುರವು ಕೆ.ಎಲ್.ಎಂ. ವಿಮಾನಕ್ಕೆ, ಹಾರಿದ ಮೇಲೆ ಯಾವ ದಾರಿ ಹಿಡಿಯಬೇಕೆಂಬ ವಿವರವನ್ನು ತಿಳಿಸಿತು. ಅದು ಹಾರಲು ಕೊಟ್ಟ ಅಪ್ಪಣೆಯಲ್ಲ; ಆದರೆ ಆ ವಾಕ್ಯದಲ್ಲಿ ಟೇಕಾಫ್ ಎಂಬ ಪದವಿತ್ತು. ವಿಮಾನದ ನಾಯಕನು ಆ ಕಂಪನಿಯಲ್ಲಿ ಇತರ ವೈಮಾನಿಕರಿಗೆ ತರಬೇತಿ ಕೊಡುತ್ತಿದ್ದ ಹಿರಿಯ. ದಿನದ ಕೆಲಸದ ಅವಧಿ ಮೀರುವುದೆಂಬ ಆತುರವೂ ಅವನಿಗಿತ್ತು. ಉಪವೈಮಾನಿಕನು ವಿವರವನ್ನು ತಿರುಗಿ ಒಪ್ಪಿಸುತ್ತಿರುವಂತೆಯೇ ನಾಯಕನು ವಿಮಾನವನ್ನು ಓಡಿಸತೊಡಗಿದನು. ಉಪವೈಮಾನಿಕನು ಕೊನೆಯಲ್ಲಿ, ನಾವೀಗ ಟೇಕಾಫಿನಲ್ಲಿದ್ದೇವೆ ಎಂಬ ಅರ್ಥದ ಮಾತನ್ನು ಇಂಗ್ಲಿಷಿನಲ್ಲಿ ಸೇರಿಸಿದನು. ಗೋಪುರದವನು ಅದನ್ನು, ಹೊರಡುವ ಜಾಗದಲ್ಲಿ ಸಿದ್ಧವಾಗಿ ನಿಂತಿದ್ದೇವೆ ಎಂದು ತಿಳಿದನು. ಅವನು ಹೇಳಬಯಸಿದುದು ಓಡುತ್ತಿದ್ದೇವೆ ಎಂದು. ಡಚ್ ಭಾಷೆಯ ಜಾಯಮಾನವು ಅವನ ಇಂಗ್ಲಿಷಿನೊಳಗೆ ನುಸುಳಿದುದೇ ಈ ಗೊಂದಲಕ್ಕೆ ಮೂಲವೆಂದು ಕೆಲವು ಭಾಷಾವಿದರು ಅಭಿಪ್ರಾಯಪಟ್ಟಿದ್ದಾರೆ.

ಕನ್ನಡಿಗರಿಗೆ ಇದು ಅರ್ಥವಾಗದಿರದು. ಹೊರಗಿನಿಂದ ಯಾರಾದರೂ ಕೂಗಿದರೆ ನಾವು ಒಳಗಿನಿಂದ ‘ಬಂದೆ’ ಎನ್ನುತ್ತೇವೆ. ಕ್ರಿಯಾಪದವೇನೋ ಭೂತಕಾಲದ್ದು, ಆದರೆ ಕೂಗಿಗೆ ಓಗೊಟ್ಟವನು ಇನ್ನೂ ಎಲೆಯ ಮುಂದೆ ಕುಳಿತಿರುತ್ತಾನೆ. ‘ಹೊರಟೆ’ ಎಂದವನು ಚಪ್ಪಲಿಯನ್ನು ಹುಡುಕುತ್ತಿರಬಹುದು, ಬಸ್ಸಿನಲ್ಲಿಯೂ ಕುಳಿತಿರಬಹುದು. ಕೇಳುವವನು ನಮ್ಮ ಮನೆಯವನಾದುದರಿಂದ ಅರ್ಥ ಕೆಡುವುದಿಲ್ಲ. ಅದೇ ಮಾತನ್ನು ಪದಕ್ಕೆ ಪದವಿಟ್ಟು ಬೇರೆ ಭಾಷೆಯಲ್ಲಿ ಪರಕೀಯನಿಗೆ ಹೇಳಿದರೆ ಅವನು ಎದ್ದುಹೋಗಿ ಬಾಗಿಲು ತೆರೆಯುತ್ತಾನೆ!

ಗೋಪುರದವನು ಮೊದಲು ‘ಓಕೆ’ ಎಂದನು. ಒಂದು ಕ್ಷಣ ತಡೆದು, ಕಾಯಿರಿ, ನಾನು ಕರೆಯುತ್ತೇನೆ ಎಂದನು. ಅದೇ ಕ್ಷಣದಲ್ಲಿ ಪ್ಯಾನ್ ಆಮ್ ವೈಮಾನಿಕರು ಗಾಬರಿಯಿಂದ, ನಾವಿನ್ನೂ ರನ್‌ವೇಯ ಮೇಲೆಯೇ ನಡೆಯುತ್ತಿದ್ದೇವೆ ಎಂದು ತಿಳಿಸಿದರು. ಆ ರೇಡಿಯೋದಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು; ಇಬ್ಬರು ಮಾತಾಡಿದರೆ ಎರಡೂ ಕೆಟ್ಟು ಶಿಳ್ಳೆಯಂಥ ಸದ್ದು ಬರುತ್ತದೆ. ಹೀಗಾಗಿ ಕೆ.ಎಲ್.ಎಂ. ವಿಮಾನದೊಳಗೆ ಸ್ಪಷ್ಟವಾಗಿ ಕೇಳಿಸಿದುದು ‘ಓಕೆ’ ಎಂಬುದೊಂದೇ. ಮುಂದಿನ ಮಾತುಗಳಿಂದ ಸಂಶಯಗೊಂಡ ವಿಮಾನದ ಎಂಜಿನಿಯರನು, ಆ ಪ್ಯಾನ್ ಆಮ್ ಇನ್ನೂ ದಾರಿ ಬಿಟ್ಟಿಲ್ಲವೇ ಎಂಬರ್ಥದಲ್ಲಿ ಕೇಳಿದನು. ಬಿಟ್ಟಿದೆಯೆಂದು ನಾಯಕನು ಒತ್ತಿ ಹೇಳಿದನು. ಅಷ್ಟು ಹಿರಿಯನ ಮಾತಿಗೆ ಎರಡನೆಯ ಪ್ರಶ್ನೆ ಬರಲಿಲ್ಲ. ಮಂಜಿನೊಳಗಿಂದ ಇನ್ನೊಂದು ವಿಮಾನ ಅಡ್ಡಲಾಗಿ ಕಂಡಾಗ ಅವನು ಮೂತಿಯನ್ನೆತ್ತಿ ಹಾರಲು ಯತ್ನಿಸಿದನು. ವಿಮಾನ ನೆಲಬಿಟ್ಟಿತು, ಆದರೆ ಬೇಕಾದಷ್ಟು ಏರಲಿಲ್ಲ. ಅದರಲ್ಲಿದ್ದ 248 ಮಂದಿಯೂ ಪ್ಯಾನ್ ಆಮ್‌ನಲ್ಲಿದ್ದ 335 ಮಂದಿಯೂ, ಒಟ್ಟು 583 ಜನ, ಮಡಿದರು. ಪ್ಯಾನ್ ಆಮ್‌ನ 61 ಜನರು ಮಾತ್ರ ಬದುಕಿದರು.

ಆ ದುರಂತದಿಂದ ಒಂದು ಪದದ ಬಳಕೆಯೇ ಬದಲಾಯಿತು. ಹಾರಲು ಅಪ್ಪಣೆ ಕೊಡುವಾಗ, ಇಲ್ಲವೇ ಕೊಟ್ಟ ಅಪ್ಪಣೆಯನ್ನು ಹಿಂತೆಗೆದುಕೊಳ್ಳುವಾಗ ಹೊರತು ಟೇಕಾಫ್ ಎಂಬ ಮಾತನ್ನು ರೇಡಿಯೋದಲ್ಲಿ ಆಡಬಾರದು. ಉಳಿದೆಡೆ ನಿರ್ಗಮನವೆಂಬ ಅರ್ಥದ ಬೇರೆ ಪದ. ‘ಓಕೆ’ ಎಂದು ಬಾಯಿಗೆ ಬಂದಂತೆ ಒಪ್ಪಿಕೊಳ್ಳುವುದೂ ಸಲ್ಲದು.

ಎರಡನೆಯ ಪ್ರಶ್ನೆ ಬರಲಿಲ್ಲವೆಂದೆವಷ್ಟೆ. ಇದರ ಇನ್ನೊಂದು ಮುಖ 1990ರ ಡಿಸೆಂಬರ್ 3ರಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಕಂಡುಬಂದಿತು. ಇಲ್ಲಿ ನಾಯಕನು ಅನಾರೋಗ್ಯದಿಂದ ಬಹುಕಾಲ ರಜೆಯಲ್ಲಿದ್ದು ಮರಳಿ ಕೆಲಸಕ್ಕೆ ಬಂದವನು. ಉಪವೈಮಾನಿಕನು ತನ್ನ ಅನುಭವವನ್ನು ಕುರಿತು ಇದ್ದುದಕ್ಕಿಂತ ಹೆಚ್ಚಾಗಿ ಹೇಳಿಕೊಂಡು, ನಿಲ್ದಾಣದ ದಾರಿಗಳೆಲ್ಲ ಗೊತ್ತೆಂಬಂತೆ ನಡೆದುಕೊಂಡವನು. ಮಂಜು ಕವಿದಿತ್ತು. ಗೊತ್ತಿದೆಯೆಂದವನು ದಾರಿ ಹೇಳುತ್ತ ಹೋದನು, ಅಧಿಕಾರವಿದ್ದವನು ಅವನನ್ನು ನಂಬುತ್ತ ಹೋದನು. ದಾರಿ ತಪ್ಪಿದೆಯೆಂಬುದು ಇಬ್ಬರಿಗೂ ಹೊಳೆದ ಮೇಲೆಯೂ ಅಲ್ಲಿಯೇ ನಿಂತು ಗೋಪುರಕ್ಕೆ ಬಿಚ್ಚಿ ಹೇಳಲು ತಡವಾಯಿತು. ಕೊನೆಗೆ, ನಾವು ರನ್‌ವೇಯ ಮೇಲೆಯೇ ಇದ್ದೇವೆ ಎಂದು ತಿಳಿಸಿದ ಕೆಲವೇ ಕ್ಷಣಗಳಲ್ಲಿ ಹಾರಲು ಓಡಿಬರುತ್ತಿದ್ದ ಇನ್ನೊಂದು ವಿಮಾನದ ರೆಕ್ಕೆ ಅವರ ವಿಮಾನವನ್ನು ಸೀಳಿತು. ಅವರ ವಿಮಾನದ 8 ಜನರು ಸತ್ತರು. ತರಗತಿಯಲ್ಲಿ ‘ತಿಳಿಯಿತೇ?’ ಎಂದು ಕೇಳಿದಾಗ ಒಕ್ಕೊರಲಿನಿಂದ ‘ಹೌದು’ ಎನ್ನುವ ನಮ್ಮ ಮಕ್ಕಳ ಮುಖಗಳು ಈ ವರದಿಯನ್ನು ಓದುವಾಗ ಕಣ್ಣಮುಂದೆ ಬಾರದಿರಲಿಲ್ಲ.

ತಿರುಗಿ ಒಪ್ಪಿಸುವುದರ ಮಿತಿಯನ್ನು ತೋರಿಸುವೆವೆಂದು ಹೇಳಿದ್ದೆವು. 2024ರ ಜನವರಿ 2ರ ಸಂಜೆ ಟೋಕಿಯೋದ ಹನೆಡಾ ನಿಲ್ದಾಣದಲ್ಲಿ ಜಪಾನಿನ ಕರಾವಳಿ ರಕ್ಷಕ ಪಡೆಯ ಚಿಕ್ಕ ವಿಮಾನವೊಂದು, ಹಿಂದಿನ ದಿನ ಭೂಕಂಪವಾಗಿದ್ದ ನೋಟೋ ಪ್ರದೇಶಕ್ಕೆ ಪರಿಹಾರ ಸಾಮಗ್ರಿಯನ್ನೊಯ್ಯಲು ಹೊರಟಿತ್ತು. ನಿಮ್ಮದು ಮೊದಲನೆಯ ಸರದಿ, ರನ್‌ವೇಯ ಮುಂದಿನ ನಿಲುಗಡೆಯವರೆಗೆ ಬನ್ನಿ ಎಂದು ಗೋಪುರ ಹೇಳಿತು. ವಿಮಾನದವರು ಅದನ್ನು ಅಕ್ಷರಶಃ ಸರಿಯಾಗಿಯೇ ತಿರುಗಿ ಹೇಳಿದರು. ಆದರೆ ನಾಯಕನ ಮನಸ್ಸಿನಲ್ಲಿ ‘ಮೊದಲನೆಯ ಸರದಿ’ ಎಂಬುದು ಒಳಗೆ ಹೋಗಲು ಅಪ್ಪಣೆಯೇ ಆಗಿ ನಿಂತಿತು. ನಿಲುಗಡೆಯ ಕೆಂಪು ದೀಪಗಳು ಆಗ ಕೆಲಸ ಮಾಡುತ್ತಿರಲಿಲ್ಲ. ವಿಮಾನ ರನ್‌ವೇಯ ಮೇಲೆ ಸುಮಾರು 40 ಸೆಕೆಂಡು ನಿಂತಿತ್ತು. ಗೋಪುರವೂ ಗಮನಿಸಲಿಲ್ಲ, ಇಳಿಯುತ್ತಿದ್ದ ದೊಡ್ಡ ವಿಮಾನಕ್ಕೂ ಕಾಣಲಿಲ್ಲ. ಚಿಕ್ಕ ವಿಮಾನದ ಆರು ಮಂದಿಯಲ್ಲಿ ಐವರು ಮಡಿದರು. ಉರಿಯುತ್ತ ಸಾಗಿ ನಿಂತ ದೊಡ್ಡ ವಿಮಾನದಿಂದ 379 ಜನರೂ ತಮ್ಮ ಗಂಟುಮೂಟೆಗಳನ್ನು ಬಿಟ್ಟು 18 ನಿಮಿಷಗಳಲ್ಲಿ ಹೊರಬಂದು ಬದುಕಿಕೊಂಡರು. ಸರದಿಯನ್ನು ತಿಳಿಸುವ ಆ ಮಾತನ್ನು ನಿಲ್ಲಿಸುವಂತೆ ಅಪಘಾತದ ಬಳಿಕ ಜಪಾನಿನ ಸರಕಾರ ಆದೇಶಿಸಿತು.

ಬಾಯಿ ಸರಿಯಾಗಿ ಒಪ್ಪಿಸಿದರೂ ಮನಸ್ಸು ತನಗೆ ಬೇಕಾದುದನ್ನೇ ಕೇಳಿಕೊಳ್ಳಬಲ್ಲುದೆಂಬುದನ್ನು ಅರಿತೇ ಈಗ ಮಾತನ್ನೊಂದನ್ನೇ ನಂಬದಂಥ ಏರ್ಪಾಡುಗಳು ಹೆಚ್ಚುತ್ತಿವೆ. ಹಿಂದೆ ದಾರಿ ತಪ್ಪಿದ ಕವಲುಗಳನ್ನು ನಿಲ್ದಾಣದ ನಕಾಶೆಗಳಲ್ಲಿ ಅಪಾಯಸ್ಥಾನಗಳೆಂದು ಗುರುತು ಹಾಕಿ ಅಚ್ಚುಮಾಡುತ್ತಾರೆ. ಅನೇಕ ವಿಮಾನಗಳಲ್ಲಿ ನಿಲ್ದಾಣದ ಚಲಿಸುವ ನಕಾಶೆ ವೈಮಾನಿಕನ ಕಣ್ಣೆದುರಿಗೇ ಇರುತ್ತದೆ. ಅಮೆರಿಕದ ಹಲವು ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಯ ಮೇಲೆ ಇನ್ನೊಂದು ವಿಮಾನವಿದ್ದರೆ ನೆಲದಲ್ಲಿ ಹುದುಗಿಸಿದ ಕೆಂಪು ದೀಪಗಳು ಯಾರ ಅಪ್ಪಣೆಗೂ ಕಾಯದೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ರನ್‌ವೇಯನ್ನು ಪ್ರವೇಶಿಸುವಾಗ ವೈಮಾನಿಕರಿಬ್ಬರೂ ಫಲಕದ ಅಂಕಿಯನ್ನೂ ದಿಕ್ಸೂಚಿಯನ್ನೂ ನೋಡಿ ಗಟ್ಟಿಯಾಗಿ ಹೇಳಿಕೊಳ್ಳುವ ಪದ್ಧತಿಯೂ ಬೆಳೆದಿದೆ.

ಮುಂದೆ ನಮ್ಮ ಮಕ್ಕಳಲ್ಲಿ ಯಾರಾದರೂ ಕಿಟಕಿಯ ಬಳಿ ಕುಳಿತು ಮಂಗಳೂರಿನಿಂದ ಹೊರಟರೆ, ರನ್‌ವೇಗೆ ಸ್ವಲ್ಪ ಇತ್ತಲಾಗಿ ಹಳದಿ ಗೆರೆಗಳ ಬಳಿ ವಿಮಾನವು ಕಾರಣವಿಲ್ಲದೆ ನಿಂತಂತೆ ತೋರಬಹುದು. ಹೊತ್ತಾಯಿತೆಂದು ಪಕ್ಕದವರು ಗೊಣಗಲೂಬಹುದು. ಆ ಹೊತ್ತಿನಲ್ಲಿ ಮುಂದುಗಡೆ ಇಬ್ಬರು ವೈಮಾನಿಕರು ಒಂದು ವಾಕ್ಯಕ್ಕಾಗಿ ಕಿವಿಗೊಟ್ಟು ಕುಳಿತಿರುತ್ತಾರೆ. ಆಗ ಹೊರಗೆ ಕಣ್ಣು ಹಾಯಿಸಿದರೆ ಕೆಂಪು ಫಲಕದ ಮೇಲಿನ ಬಿಳಿಯ 24 ಅಥವಾ 06 ಕಂಡೀತು.